ಅಡುಗೆಗಲ್ಲದ ಕುಂಬಳ

"ಅದೊಂದನ್ನ ಮಾತ್ರ ಮುಟ್ಟಬೇಡಿ, ಅಳಿಯಂದಿರೇ. ಅದು ಅಡುಗೆಗಲ್ಲ."

ಚಿಕ್ಕಮ್ಮನ ಮಾತು ಮುಗಿಯುವ ಮೊದಲೇ ಅವನು ಉಗ್ರಾಣದ ಮೂಲೆಯಲ್ಲಿದ್ದ ಕುಂಬಳಕಾಯಿಯನ್ನು ಎತ್ತಿ ಕಂಕುಳಿಗೇರಿಸಿದ್ದ. ದೊಡ್ಡ ಹೋಟೆಲೊಂದರ ಮುಖ್ಯ ಬಾಣಸಿಗ; ಹೆಂಡತಿಯನ್ನು ಸಾಕಿ ಬೆಳೆಸಿದ ಚಿಕ್ಕಮ್ಮನ ಮನೆಗೆ ಬಂದದ್ದು ಇದೇ ಮೊದಲು. ಬಂದಾಗಿನಿಂದ ಮೂಗು ಮುರಿಯುವುದೇ ಕೆಲಸ. ಸಾರು ಬರೀ ನೀರು, ಪಲ್ಯ ದನಕ್ಕೆ ಹಾಕುವಂಥದ್ದು. "ಇವಳ ಕೈರುಚಿ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು ಬಿಡಿ" ಎಂದು ನಕ್ಕಾಗ ಹೆಂಡತಿ ತಲೆ ಎತ್ತಿರಲಿಲ್ಲ. ಮಧ್ಯಾಹ್ನದ ಅಡುಗೆಗೆ ಅವನೇ ಟೊಂಕ ಕಟ್ಟಿದ್ದ.

"ನೀವು ಅಡುಗೆಗೆ ಅಂತ ತಂದಿಟ್ಟಿರೋ ಕಾಯಿ ನೋಡಿ. ಸಿಪ್ಪೆ ಫಳಫಳ ಹೊಳೀತಿದೆ, ಉಗುರು ಒತ್ತಿದ್ರೆ ಇಳಿಯುತ್ತೆ. ಎಳಸು! ನನ್ನ ಕೈಲಿರೋ ಇದರ ತೊಟ್ಟು ಒಣಗಿ ಬೆಂಡಾಗಿದೆ, ಸಿಪ್ಪೆ ಮಂಕಾಗಿದೆ, ಗಾತ್ರಕ್ಕೆ ಮೀರಿದ ಭಾರ. ಒಂದು ಕುಂಬಳಕಾಯಿ ಆರಿಸೋಕೂ ಬರಲ್ವಲ್ಲ ನಿಮಗೆ."

"ಅದು ನಮ್ಮತ್ತೆಗೆ ಅಂತ ಮಾಡಿಸಿದ ಮಾಟ." ಚಿಕ್ಕಮ್ಮ ಅಡ್ಡ ಬಂದಳು. "ಅವರ ಬಾಯಿ ತಡ್ಕೊಳ್ಳೋಕಾಗದೆ ಮಾಡಿಸಿದ್ದೆ. ಬೇಯಿಸಿ ಬಡಿಸೋ ಮೊದಲೇ ಅವರು ತೀರಿಕೊಂಡ್ರು. ಎಸೆದ್ರೆ ಎಸೆದವರಿಗೇ ತಗಲುತ್ತೆ ಅಂದಿದ್ದ ಮಾಟಗಾರ. ನಿಮ್ಮ ಹೆಂಡತಿ ಹುಟ್ಟೋಕೆ ಮುಂಚಿನ ಕಾಯಿ ಅದು."

"ಅಲ್ಲಿಂದ ಇಲ್ಲೀತನಕ ಕೊಳೀದೆ ಕೂತಿದೆಯಾ? ಕಿವಿಗೆ ಹೂವಿಡೋಕೆ ಬೇರೆ ಯಾರನ್ನಾದ್ರೂ ಹುಡುಕಿ."

ಕತ್ತಿ ಇಳಿಯಿತು. ಎಷ್ಟೋ ಕಾಲದಿಂದ ಬಿಗಿಹಿಡಿದ ಉಸಿರನ್ನು ಯಾರೋ ಬಿಟ್ಟಂತೆ ಕಾಯಿ ಬಾಯ್ದೆರೆಯಿತು. ಹಸಿಮಣ್ಣಿನ ವಾಸನೆ, ಅದರ ಹಿಂದೆಯೇ ಕೂದಲು ಸುಟ್ಟ ಕಮಟು. ಕಿಟಕಿಯ ಬಿಸಿಲು ಮಾಸಿತು. ಅಡುಗೆಮನೆಯಲ್ಲಿ ಗುಂಯ್‌ಗುಡುತ್ತಿದ್ದ ನೊಣಗಳ ಸದ್ದು ಅಡಗಿತು. ತಿರುಳು ಚಿನ್ನದ ಬಣ್ಣದ್ದು, ಗಟ್ಟಿ. ಬೀಜವಿರಬೇಕಾದಲ್ಲಿ ಬೀಜವಿರಲಿಲ್ಲ, ನರೆತ ಎಳೆಗಳ ಉಂಡೆಯೊಂದು ಸುರುಳಿ ಸುತ್ತಿಕೊಂಡಿತ್ತು.

"ರೀ, ಬೇಡ" ಎಂದಳು ಹೆಂಡತಿ.

"ಬಲಿತ ಕಾಯಲ್ಲಿ ನಾರಿರುತ್ತೆ, ಪೆದ್ದಿ." ಅವನು ಉಂಡೆಯನ್ನು ಕಿತ್ತು ಬುಟ್ಟಿಗೆಸೆದ.

ಬೆಂದ ಹೋಳನ್ನು ಊದಿ ಬಾಯಿಗಿಟ್ಟುಕೊಂಡ. ಬೆಣ್ಣೆಯಂತೆ ಕರಗಿತು. ಇಂಥ ಸವಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಈಗ ಈ ಹೆಂಗಸರಿಗೆ ಸರಿಯಾಗಿ ನಾಲ್ಕು ಮಾತು ಆಡಬೇಕು. ಬಾಯಿ ತೆರೆದ.

ಮಾತು ಬರಲಿಲ್ಲ.

ನಾಲಿಗೆ ಮರಗಟ್ಟಿತ್ತು. ಅದರ ಬುಡದಲ್ಲಿ ಏನೋ ಹರಿದಾಡಿತು. ತಣ್ಣಗೆ. ಸಣ್ಣಗೆ. ಸುತ್ತಿಕೊಂಡಿತು. ಬಿಗಿಯಿತು. ಬಾಯೊಳಗೆ ಬೆರಳು ತುರುಕಿದ. ಎಳೆದ. ಕೂದಲು. ನರೆತ ಕೂದಲು. ಮತ್ತೆ ಎಳೆದ. ಮಾರುದ್ದ ಬಂತು. ಇನ್ನೂ ಬಂತು. ತುದಿಯೇ ಇಲ್ಲ. ಕುಸಿದು ಬಿದ್ದ. ಎಲ್ಲೋ ಹತ್ತಿರದಲ್ಲೇ, ಕಿವಿಯ ಒಳಗೇ, ಮುದುಕಿಯೊಬ್ಬಳು ನಕ್ಕಳು.

"ಚಿಕ್ಕಮ್ಮ, ಏನಾದ್ರೂ ಮಾಡು!"

"ಮಾಡಿಸಿದವಳು ನಾನು. ನಾನೊಂದು ತುತ್ತು ತಿಂದ್ರೆ ಇವರನ್ನ ಬಿಟ್ಟು ನನ್ನ ನಾಲಿಗೆ ಹಿಡಿಯುತ್ತೆ." ಚಿಕ್ಕಮ್ಮ ಪಾತ್ರೆಯಿಂದ ಒಂದು ಹೋಳನ್ನು ಸೌಟಿಗೆ ತೆಗೆದು ತುಟಿಯವರೆಗೆ ತಂದಳು. ಹೆಂಡತಿ ಅವಳ ಮಣಿಕಟ್ಟು ಹಿಡಿದಳು.

"ಇವರ ಜೀವಕ್ಕೇನಾದ್ರೂ ಆಗುತ್ತಾ?"

"ಜೀವಕ್ಕೇನಿಲ್ಲ ಮಗಳೇ. ಮಾತು ಹೋಗುತ್ತೆ, ಅಷ್ಟೇ."

ಅವನು ನೆಲದ ಮೇಲೆ ತೆವಳುತ್ತ ಬಂದು ಹೆಂಡತಿಯ ಪಾದ ಹಿಡಿದ. ಕಣ್ಣುಗಳು ಅಂಗಲಾಚುತ್ತಿದ್ದವು. ಅವಳು ಬಗ್ಗಿ ಆ ಮುಖವನ್ನು ನೋಡಿದಳು. ಅದರಲ್ಲಿ ತಿರಸ್ಕಾರವಿಲ್ಲದ್ದನ್ನು ಅವಳು ಕಂಡದ್ದು ಇದೇ ಮೊದಲು.

ಸೌಟಿನಲ್ಲಿದ್ದುದನ್ನು ಪಾತ್ರೆಗೆ ಸುರಿದು ಮುಚ್ಚಳ ಮುಚ್ಚಿದಳು.

"ಕೈ ತೊಳ್ಕೊ ಚಿಕ್ಕಮ್ಮ. ಇಷ್ಟಕ್ಕೆಲ್ಲ ನಿನ್ನ ನಾಲಿಗೆ ಯಾಕೆ ಹಾಳು ಮಾಡ್ಕೋತೀಯ?" ಎಂದು ಕಾಲು ಬಿಡಿಸಿಕೊಂಡಳು.