ಬೆರಳು ಕೊಯ್ಯದ ಪೆಟ್ಟಿಗೆ

"ತರಿಸಿಕೊಡೋಕಾಗಲ್ಲ ಅಂತಲ್ಲ ಮೇಡಂ... ತರಿಸಿಕೊಟ್ರೆ ಆಮೇಲೆ ನೀವು ನನ್ನ ಬೈಕೋತೀರ!"

ರಮ್ಯಶ್ರೀಗೆ ರೇಗಿಹೋಯಿತು. ಶ್ರೀರಂಗಪಟ್ಟಣದಿಂದ ಪಾಂಡವಪುರದವರೆಗೂ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಕೈಯಲ್ಲಿ ಪೇಪರಿನಿಂದ ಕತ್ತರಿಸಿಕೊಂಡ ಪುಟ್ಟ ಕಂಪ್ಯೂಟರಿನ ಜಾಹೀರಾತು. ಈ ಮನುಷ್ಯ ನೋಡಿದರೆ ಬಾಗಿಲಿಗೆ ಬಂದ ವ್ಯಾಪಾರವನ್ನೇ ಬೇಡ ಅನ್ನುತ್ತಿದ್ದಾನೆ!

"ಬೈಯೋದು ಬಿಡೋದು ನನ್ನಿಷ್ಟ. ನಂಗೆ ಈ ಸಣ್ಣ ಪೆಟ್ಟಿಗೇನೇ ಬೇಕು. ನಮ್ಮಂಗಡೀಲಿ ಕೈ ಚಾಚಿದ್ರೆ ಎರಡೂ ಗೋಡೆ ಸಿಗ್ತವೆ. ದೊಡ್ಡದನ್ನ ಎಲ್ಲಿಡ್ಲಿ, ನಿಮ್ ತಲೆ ಮೇಲಾ?"

ಅವನು ನಕ್ಕುಬಿಟ್ಟ.

ಮೌನೇಶ ನಾಗಮಂಗಲದ ಕಮ್ಮಾರರ ಮನೆಯ ಹುಡುಗ. ಮೈಸೂರಿನಲ್ಲಿ ಡಿಪ್ಲೊಮಾ ಓದಿ, ಪಾಂಡವಪುರದ ಬಸ್‌ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ನಗುವನ್ನು ಮುಚ್ಚಿಕೊಳ್ಳಲು ಬಾಯಿಗೆ ಅಡ್ಡ ಹಿಡಿದ ಅವನ ಕೈಯನ್ನು ಅವಳು ನೋಡಿದಳು. ಬೆರಳಿಗೆಲ್ಲ ಪ್ಲಾಸ್ಟರ್ ಪಟ್ಟಿ!

"ಇದೇನ್ರೀ ಕೈ?" ಕೋಪದಲ್ಲೂ ಕೇಳಿಬಿಟ್ಟಳು.

"ಕ್ಯಾಬಿನೆಟ್ಟು ಕಣ್ರೀ, ಕಂಪ್ಯೂಟರಿನ ಪೆಟ್ಟಿಗೆ. ಒಳಗಿನ ತಗಡು ಬ್ಲೇಡ್ ಇದ್ದಂಗಿರ್ತದೆ. ಕೈ ಹಾಕ್ದಾಗೆಲ್ಲ ಕೊಯ್ಕೊಳ್ತೀನಿ. ನೀವು ಕೂತ್ಕೊಳ್ಳಿ ಮೊದ್ಲು."

ತಾನು ಕೂತಿದ್ದ ಕುರ್ಚಿಯನ್ನು ಒರೆಸಿ ಅವಳಿಗೆ ಕೊಟ್ಟು, ತಾನು ರಟ್ಟಿನ ಡಬ್ಬದ ಮೇಲೆ ಕೂತ. ರಿಪೇರಿಗೆ ಬಂದಿದ್ದ ಅಂಥದ್ದೇ ಸಣ್ಣ ಪೆಟ್ಟಿಗೆಯೊಂದನ್ನು ಎತ್ತಿ ತಂದು ಮುಚ್ಚಳ ತೆಗೆದ.

"ಇದಕ್ಕೆ ಬೇರ್‌ಬೋನ್ ಅಂತಾರೆ. ಬೋರ್ಡು, ಪವರ್ ಸಪ್ಲೈ ಎಲ್ಲ ಕಂಪನಿಯೋರೇ ಕೂರಿಸಿರ್ತಾರೆ. ಪ್ರೊಸೆಸರ್ರು, ಮೆಮೊರಿ, ಡಿಸ್ಕು ಮಾತ್ರ ನಾವು ಹಾಕ್ಕೋಬೇಕು. ನೋಡಿ, ಎಷ್ಟು ಚೆಂದಾಗಿ ಜೋಡಿಸವ್ರೆ! ಮಾಡ್ದೋನಿಗೆ ಕೈ ಮುಗೀಬೇಕು."

ರಮ್ಯಶ್ರೀ ಬಗ್ಗಿ ನೋಡಿದಳು. ಅಕ್ಕಸಾಲಿಗನ ಮಗಳು ಅವಳು. ಒಂದಿಷ್ಟೂ ಜಾಗ ದಂಡವಾಗದಂತೆ ಕೂರಿಸಿದ ಕೆಲಸ ಅವಳ ಕಣ್ಣಿಗೆ ಹರಳಿನ ಓಲೆಯಂತೆ ಕಂಡಿತು.

"ಮತ್ತೆ ಬೇಡ ಅಂತೀರಲ್ಲ?"

"ಇದ್ರೊಳಗೆ ನಿಮ್ಮ ಕೈ ಓಗಲ್ಲ. ಒಂದು ಕೆಟ್ರೆ ಅದಕ್ಕೆ ಸರಿಹೊಂದೋದು ನಮ್ಮ ಕಡೆ ಸಿಗಲ್ಲ. ಪ್ರತಿ ಸಲ ಯಾರಾದ್ರೂ ಬಂದು ನೋಡ್ಬೇಕು. ಬಿಡಿಬಿಡಿಯಾಗಿ ತಂದು ದೊಡ್ಡ ಪೆಟ್ಟಿಗೇಲಿ ನೀವೇ ಜೋಡಿಸಿಕೊಂಡ್ರೆ, ಕೆಟ್ಟಿದ್ದನ್ನ ನೀವೇ ಕಿತ್ತು ಬೇರೆ ಹಾಕ್ತೀರ."

"ನಾನಾ? ನಾನು ಬಿ.ಎ. ಓದಿರೋಳು!"

"ನಾನು ಸುತ್ತಿಗೆ ಹೊಡೆಯೋರ ಮನೇಲಿ ಹುಟ್ಟಿದೋನು. ಅದಕ್ಕೇನೀಗ?"

'ನಿನ್ನ ಕೈಲಿ ಆಗುತ್ತೆ' ಎಂದು ಇಷ್ಟು ಸಲೀಸಾಗಿ ಅವಳಿಗೆ ಯಾರೂ ಹೇಳಿರಲಿಲ್ಲ.

ಅದು ತೊಂಬತ್ತೊಂಬತ್ತನೇ ಇಸವಿ. ಅಪ್ಪ ಲಕ್ಷ್ಮಣಾಚಾರ್ರಿಗೆ ಕಣ್ಣು ಮಂಜಾಗಿ ಅಗ್ಗಿಷ್ಟಿಕೆ ಆರಿಹೋಗಿತ್ತು. ಪೇಟೆ ಬೀದಿಯ ಆ ಪುಟ್ಟ ಅಂಗಡಿಯನ್ನು ಬಳೆಯವರಿಗೆ ಬಾಡಿಗೆಗೆ ಕೊಡೋಣ ಎಂದಿದ್ದರು. "ದಸರಾ ಕಳೆಯೋವರೆಗೆ ನಂಗೆ ಬಿಡಿ ಅಪ್ಪ" ಎಂದು ಬೇಡಿಕೊಂಡಿದ್ದಳು ಮಗಳು. ಅಲ್ಲಿ ಮದುವೆ ಕಾರ್ಡು, ಕರಪತ್ರ ಟೈಪು ಮಾಡಿಕೊಡುವ ಆಸೆ ಅವಳಿಗೆ. ಅಪ್ಪ ಕೂತ ಜಾಗದಲ್ಲೇ ತಾನೂ ಕೂರಬೇಕು, ಅಷ್ಟೇ.

ಅಗ್ಗಿಷ್ಟಿಕೆ ಇದ್ದ ಮೂಲೆಯಲ್ಲಿ ದೊಡ್ಡ ಪೆಟ್ಟಿಗೆಯನ್ನು ನಿಲ್ಲಿಸಬಹುದು ಎಂದು ಮೌನೇಶನೇ ಬಂದು ಅಳತೆ ನೋಡಿದ. ಬೆಂಗಳೂರಿಗೆ ಹೋಗಿ ಒಂದೊಂದೇ ಭಾಗ ತಂದ. ಅಪ್ಪನ ಎದುರಿಗೇ, ಅಪ್ಪನ ಕೆಲಸದ ಮಣೆಯ ಮೇಲೆ, ಪಾಠ ಶುರುವಾಯಿತು.

ವಿಚಿತ್ರವೆಂದರೆ ಅವನು ಒಂದನ್ನೂ ಮುಟ್ಟುತ್ತಿರಲಿಲ್ಲ! ಕೈ ಹಿಂದಕ್ಕೆ ಕಟ್ಟಿಕೊಂಡು ಕೂರುತ್ತಿದ್ದ. ಸ್ಕ್ರೂ ಉರುಳಿ ಕಳೆಯದಂತೆ ಮೊದಲೇ ಮುಚ್ಚಳವೊಂದನ್ನು ಅವಳ ಬಲಗಡೆ ಇಟ್ಟಿರುತ್ತಿದ್ದ. ಅವಳು ತಪ್ಪು ಕಡೆ ತೂರಿಸಲು ಹೊರಟರೆ ಮೆಲ್ಲಗೆ ಕೆಮ್ಮುತ್ತಿದ್ದ.

"ಬಿಗಿ ಇದೆ ಕಣ್ರೀ, ಒಂಚೂರು ಒತ್ತಿಕೊಡಿ..."

"ನೀವೇ ಒತ್ತಿ. ಎದ್ರಬೇಡಿ."

ಟಕ್! ಮೆಮೊರಿ ಕೂತಿತು. ಅವಳು ತಲೆಯೆತ್ತಿದಾಗ ಅವನ ಕಣ್ಣು ಪೆಟ್ಟಿಗೆಯ ಮೇಲಿರಲಿಲ್ಲ, ಅವಳ ಮೇಲಿತ್ತು.

'ಅಯ್ಯೋ... ಯಾಕೆ ಹಿಂಗೆ ನೋಡ್ತಾನೆ?' ರಮ್ಯಶ್ರೀಯ ಎದೆ ಡವಡವ ಎಂದಿತು. ಆ ನೋಟ ಇನ್ನೊಂದು ಗಳಿಗೆ ಇರಲಿ ಎಂದೂ ಅನಿಸಿತು.

ಪರದೆ ಬೆಳಗಿದ ದಿನ ಅಜ್ಜಿ ಸುಬ್ಬಮ್ಮ ಸಕ್ಕರೆ ಹಂಚಿದಳು. ಮೌನೇಶ ಚಪ್ಪಲಿ ಮೆಟ್ಟುತ್ತಾ ಹೇಳಿದ.

"ಇನ್ನು ನಾನು ಬರೋ ಅವಶ್ಯಕತೆ ಇಲ್ಲ. ಎಲ್ಲ ನೀವೇ ಮಾಡ್ಕೋತೀರ."

ನಗುತ್ತಲೇ ಹೇಳಿದ. ಅವಳಿಗೆ ಮಾತ್ರ ಚುರ್ ಎಂದಿತು.

ಆಮೇಲೆ ಅವನು ಬರಲೇ ಇಲ್ಲ. ಕಾರ್ಡಿನ ಕೆಲಸ ಒಂದೊಂದಾಗಿ ಬಂತು, ಅಪ್ಪ ಬಾಡಿಗೆಯ ಮಾತು ಬಿಟ್ಟರು. ಬಸ್ಸಿಳಿದು ಬರುವವರಲ್ಲಿ ರಮ್ಯಶ್ರೀಯ ಕಣ್ಣು ಒಂದೇ ಮುಖವನ್ನು ಹುಡುಕುತ್ತಿತ್ತು.

ಆಯುಧ ಪೂಜೆ ಬಂತು. ಹತಾರಗಳನ್ನು ತೊಳೆದು ಒರೆಸುವಂತೆ ಅವಳೂ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಧೂಳು ಕೊಡವಿದಳು. ಮುಚ್ಚುವ ಮೊದಲೇ ಹೂವು ತರಲು ಓಡಿದಳು. ಅಷ್ಟರಲ್ಲಿ ಅಜ್ಜಿ, ಇಕ್ಕಳ, ಸುತ್ತಿಗೆ, ತಕ್ಕಡಿಗೆಲ್ಲ ಚುಮುಕಿಸಿದಂತೆ ಕಂಪ್ಯೂಟರಿನ ಹೊಟ್ಟೆಯೊಳಕ್ಕೂ ಭಕ್ತಿಯಿಂದ ಅರಿಶಿನದ ನೀರು ಚುಮುಕಿಸಿದ್ದಳು!

ಮಾರನೆಯ ದಿನ ವಿಜಯದಶಮಿ. ಸ್ವಿಚ್ಚು ಒತ್ತಿದರೆ ಪರದೆ ಕಪ್ಪು. ಒಳಗಿನಿಂದ ಕೀಂ... ಕೀಂ... ಎಂಬ ಅಳು.

"ಏನ್ ಮಾಡ್ದೆ ಅಜ್ಜಿ!"

"ನಿಮ್ಮಪ್ಪನ ಅಗ್ಗಿಷ್ಟಿಕೆಗೂ ವರ್ಸಾ ವರ್ಸಾ ಆಕ್ತಿದ್ದೆ ಕಣವ್ವ, ಅದೇನೂ ಅಳ್ನಿಲ್ಲ! ಇದೊಳ್ಳೆ ಎಳೆಮಗ ಆಯ್ತಲ್ಲ!"

ಸಂಜೆಗೆ ಅರಕೆರೆಯ ಕೆಂಪಣ್ಣ ಮಗಳ ಮದುವೆ ಕಾರ್ಡಿಗೆ ಬರುವವರಿದ್ದರು. ರಮ್ಯಶ್ರೀ ಎಸ್‌ಟಿಡಿ ಬೂತಿಗೆ ಓಡಿದಳು. ನಿಜ ಹೇಳಬೇಕೆಂದರೆ ಭಯದ ಹಿಂದೆ ಒಂದು ಪುಟ್ಟ ಸಂತೋಷವೂ ಅವಳ ಜೊತೆ ಓಡುತ್ತಿತ್ತು. 'ಈಗಾದ್ರೂ ಬರ್ತಾನೆ...'

ಎಲ್ಲ ಕೇಳಿಸಿಕೊಂಡು ಮೌನೇಶ ಹೇಳಿದ.

"ಪ್ಲಗ್ ಕಿತ್ತಾಕಿ. ಚೆನ್ನಾಗಿ ಒಣಗ್ಲಿ. ಆಮೇಲೆ ನೀವೇ ಬಿಚ್ಚಿ ನೋಡಿ. ನಾನು ಬಂದು ಬಿಚ್ಚಲ್ಲ."

"ಬರಲ್ವಾ?"

"ನಿಮ್ಮ ಕೈಲಾಗುತ್ತೆ." ಫೋನಿಟ್ಟೇಬಿಟ್ಟ!

ಅವಳ ಕಣ್ಣು ತುಂಬಿಬಂತು. 'ಅಂದ್ರೆ, ಜೋಡಿಸೋದು ಕಲಿಸಿದ್ದೆಲ್ಲ ನನ್ನಿಂದ ಬಿಡಿಸಿಕೊಳ್ಳೋಕಾ? ಮತ್ತೆ ಕರೀಬಾರ್ದು ಅಂತಾನಾ? ಛೇ! ನಾನೇ ಏನೇನೋ ಅಂದ್ಕೊಂಡೆ...'

ಕಣ್ಣು ಒರೆಸಿಕೊಳ್ಳುತ್ತಾ ಬಂದು, ಮೂಲೆಯ ಪೆಟ್ಟಿಗೆಯನ್ನು ಮಣೆಗೆ ಎಳೆದುಕೊಂಡಳು. ಒಣಗಿದ ಮೇಲೆ, ಅಪ್ಪನ ಸಣ್ಣ ಇಕ್ಕಳ ಹಿಡಿದು ಸಿಟ್ಟಿನಿಂದ ಕೈ ತೂರಿಸಿದಳು. ಮೆಮೊರಿ ಕಿತ್ತಳು. ಅದರ ಹೊನ್ನಿನ ಬಣ್ಣದ ಹಲ್ಲುಗಳಿಗೆ ಅರಿಶಿನ ಮೆತ್ತಿತ್ತು. ಅವನು ಹೇಳಿಕೊಟ್ಟಿದ್ದಂತೆ ರಬ್ಬರಿನಿಂದ ಉಜ್ಜಿದಳು. ಉಜ್ಜಿದ ಹಾಗೆಲ್ಲ ಹೊಳೆಯಿತು. ಅದು ಕೂರುವ ಜಾಗವನ್ನೂ ಕುಂಚದಿಂದ ಗುಡಿಸಲು ಪೆಟ್ಟಿಗೆಯ ಮೂಲೆಗೆ ಕೈ ಹಾಕಿದಳು.

ಕೈ ಅಲ್ಲೇ ನಿಂತಿತು.

ತಗಡಿನ ಅಂಚು ನುಣ್ಣಗಿತ್ತು!

ಇನ್ನೊಂದು ಅಂಚು ಸವರಿದಳು. ಅದೂ ನುಣುಪು. ಬಗ್ಗಿ ನೋಡಿದಳು. ಬಣ್ಣ ಹೋಗಿ ತಗಡಿನ ಉದ್ದಕ್ಕೂ ಸಣ್ಣ ಸಣ್ಣ ಅರದ ಗೆರೆಗಳು. ಹುಟ್ಟಿದಾಗಿನಿಂದ ಅರದ ಸದ್ದು ಕೇಳಿದವಳಿಗೆ ಆ ಗೆರೆ ತಿಳಿಯದೇ? ಯಾರೋ ಕೂತು, ಸಹನೆಯಿಂದ, ಒಂದು ಅಂಚನ್ನೂ ಬಿಡದೆ ಕೈಯಾರೆ ಉಜ್ಜಿದ್ದರು.

'ಅವನ ಬೆರಳಿಗೆಲ್ಲ ಪಟ್ಟಿ... ನಾನು ಅಷ್ಟು ದಿನ ಇದ್ರೊಳಗೇ ಕೈಯಾಡಿಸಿದೀನಿ. ನಂಗೆ ಒಂದು ಗೀರೂ ಆಗಿಲ್ಲ...'

ಕೊಡುವ ಮೊದಲು ಅವಳ ಕೈಗಾಗಿ ಉಜ್ಜಿಟ್ಟಿದ್ದ. ಒಂದು ಮಾತೂ ಹೇಳಿರಲಿಲ್ಲ!

ಮೆಮೊರಿ ಒತ್ತಿದಳು. ಟಕ್! ಸ್ವಿಚ್ಚು ಹಾಕಿದಳು. ಒಂದೇ ಒಂದು ಬೀಪ್... ಪರದೆ ಬೆಳಗಿತು.

"ಅಜ್ಜೀ! ಬಂತು!"

"ಬತ್ತದೆ ಬುಡು, ನಾನು ಪೂಜೆ ಮಾಡಿರೋದು!" ಎಂದ ಸುಬ್ಬಮ್ಮ ಬಾಗಿಲಿನಿಂದ ತಿರುಗಿದಳು. "ಅಲ್ಲ ಕಣೇ, ಆ ನಾಗಮಂಗಲದ ಉಡ್ಗ ಆಗ್ಲಿಂದ ಎದುರ್ಗಡೆ ಕೂತವ್ನಲ್ಲ. ಟೀ ಮ್ಯಾಲೆ ಟೀ ಕುಡೀತಾವ್ನೆ. ಒಳಕ್ಕೂ ಬರ್ನಿಲ್ಲ, ಮನೆಗೂ ಓಗ್ನಿಲ್ಲ. ಏನಂತೆ ಅವ್ನಿಗೆ?"

ರಮ್ಯಶ್ರೀ ಹೊರಗೆ ಓಡಿದಳು.

ಎದುರಿನ ಟೀ ಅಂಗಡಿಯ ಬೆಂಚಿನಿಂದ ಮೌನೇಶ ದಡಬಡಿಸಿ ಎದ್ದ. ಅಂಗಿಯ ಜೇಬಿನಿಂದ ಹೊಸ ಮೆಮೊರಿಯ ಪೊಟ್ಟಣ ಇಣುಕುತ್ತಿತ್ತು.

"ಬರಲ್ಲ ಅಂದ್ರಿ?"

"ಬಂದು ಬಿಚ್ಚಲ್ಲ ಅಂದೆ." ಅವನು ತಲೆ ತಗ್ಗಿಸಿದ. "ಫೋನಿಟ್ಟ ತಕ್ಷಣ ಬಸ್ಸತ್ತಿದೆ. ನಿಮ್ಮ ಕೈಲಾಗದೇ ಇದ್ರೆ ಮಾತ್ರ ಒಳಗೆ ಬರೋಣ ಅಂತ... ನಾನೇ ಕೈ ಹಾಕ್ಬುಟ್ರೆ, ನಿಮ್ಮ ಕೈಲಿ ಆಗ್ತಿತ್ತು ಅಂತ ನಿಮ್ಗೆ ಗೊತ್ತಾಗೋದು ಯಾವಾಗ?"

"ಅಷ್ಟು ದಿನ ಯಾಕೆ ಬರ್ಲಿಲ್ಲ?"

"ಕೆಟ್ಟಿರೋದು ಏನೂ ಇರ್ಲಿಲ್ವಲ್ಲ. ಏನಂತ ಬರ್ಲಿ? ನೀವೇ ಎಲ್ಲ ಮಾಡ್ಕೊಳ್ಳೋ ಹಂಗೆ ಕಲಿಸ್ಬುಟ್ಟು, ಆಮೇಲೆ ಒಬ್ನೇ ಕೂತು ಪೇಚಾಡ್ತಿದ್ದೆ..."

ಅವಳ ಕಣ್ಣೀರೂ ನಗುವೂ ಒಟ್ಟಿಗೇ ಬಂದವು.

"ಇನ್ಮೇಲೆ ಕಂಪ್ಯೂಟರ್ ಕೆಟ್ರೆ ನಿಮ್ಮನ್ನ ಕರೆಯಲ್ಲ."

ಅವನ ಮುಖ ಬಾಡಿತು. "ಗೊತ್ತು."

"ಕೆಡದೇ ಇದ್ದಾಗ ಕರೀತೀನಿ. ಬರ್ತೀರಾ?"

ಅವನು ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತ. ಆಮೇಲೆ ಹೂಂ ಎಂದು ತಲೆಯಾಡಿಸಿದ.

ಅಂಗಡಿಯೊಳಗಿನಿಂದ ಲಕ್ಷ್ಮಣಾಚಾರ್ರು ಕೂಗಿದರು. "ಬೀದೀಲಿ ಯಾಕಮ್ಮ? ಒಳಕ್ಕೆ ಕರ್ಕೊಂಡ್ ಬಾ. ಅವ್ರ ಮನೆಯೋರ ವಿಳಾಸನೂ ಕೇಳು."

ರಮ್ಯಶ್ರೀ ಮೆಲ್ಲಗೆ ಅವನ ಕೈ ಹಿಡಿದು ತಿರುಗಿಸಿ ನೋಡಿದಳು. ಹೆಬ್ಬೆರಳಿನಲ್ಲಿ ಹೊಸ ಗಾಯ.

"ನನ್ನ ಪೆಟ್ಟಿಗೆ ಅಂಚು ಮಾತ್ರ ಉಜ್ಜಿದ್ರಿ. ನಿಮ್ಮಂಗಡೀವು?"

"ಅವನ್ನ ಉಜ್ಜೋಕೆ ನಂಗೆ ಮನಸ್ಸು ಬರ್ಲಿಲ್ಲ."

"ನಮ್ಮಪ್ಪನ ಅರ ಇದೆ," ಎಂದಳು ಅವಳು, ಆ ಕೈಯನ್ನು ಬಿಡದೆ. "ನಾನು ಉಜ್ಜಿಕೊಡ್ತೀನಿ."