ಸಿದರಾಯನ ಕಂಠಪಟ್ಟಿ

ಕೊರಳಿಗೆ ಪಟ್ಟಿಯೊಂದನ್ನು ಕಟ್ಟಿಕೊಂಡಿದ್ದ ಡಾ. ರೇಶ್ಮಾ ಇನಾಮದಾರ ತುಟಿ ಬಿಚ್ಚಲಿಲ್ಲ. ಆದರೂ ಮೇಜಿನ ಮೇಲಿದ್ದ ಪುಟ್ಟ ಪೆಟ್ಟಿಗೆ ಆಕೆಯದೇ ದನಿಯಲ್ಲಿ, "ಬರ್ರಿ, ಕೂಡ್ರಿ, ಚಹಾ ತಗೋತೀರೇನು?" ಎಂದು ಕೇಳಿತು. ಮಹಾನಂದಾ ಬೆರಗಾಗಿ ಗಂಡನ ಮುಖ ನೋಡಿದಳು.

ವಿಜಯಪುರದ ಆ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಕಂಠಪಟ್ಟಿಯ ಗುಟ್ಟು ಇಷ್ಟೇ: ಮಾತನಾಡಬೇಕೆಂದು ಮನುಷ್ಯ ಅಂದುಕೊಂಡ ಕೂಡಲೇ ಮಿದುಳು ಗಂಟಲಿನ ಸ್ನಾಯುಗಳಿಗೆ ಸೂಕ್ಷ್ಮ ವಿದ್ಯುತ್ ಸಂಕೇತ ಕಳಿಸುತ್ತದೆ. ಧ್ವನಿಪೆಟ್ಟಿಗೆ ಕಳೆದುಕೊಂಡವರಲ್ಲೂ ಆ ಸಂಕೇತ ನಿಲ್ಲುವುದಿಲ್ಲ. ಕೊರಳ ಪಟ್ಟಿ ಅದನ್ನು ಹಿಡಿಯುತ್ತದೆ. ಪೆಟ್ಟಿಗೆಯೊಳಗಿನ ಕಂಪ್ಯೂಟರ್, ಹಳೆಯ ಧ್ವನಿಮುದ್ರಣಗಳಿಂದ ಕಲಿತ ಅವರದೇ ದನಿಯಲ್ಲಿ, ಮಾತಾಗಿಸುತ್ತದೆ.

ಮಹಾನಂದಾಳ ಗಂಡ ಸಿದರಾಯ ಇಂಡಿ ಪಟ್ಟಣದ ನಿಂಬೆ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುತ್ತಿದ್ದವನು. ಗಂಟಲಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ದನಿ ಹೋದ ಮೇಲೆ ಗೋಡೆಗೆ ಮುಖಮಾಡಿ ಮಲಗಿಬಿಟ್ಟಿದ್ದ. ಊಟವೂ ಬೇಡವಾಗಿತ್ತು.

ಪಟ್ಟಿಯನ್ನು ಅವನಿಗೆ ಹೊಂದಿಸಲು ಮೊದಲು ಬಯೋಸ್ ಸೆಟಪ್ ದಾಟಬೇಕಿತ್ತು. ಯಂತ್ರವೊಂದು ಎಚ್ಚರಾಗುವಾಗ ತನ್ನ ಅಂಗಾಂಗಗಳನ್ನೆಲ್ಲ ಮುಟ್ಟಿ ನೋಡಿಕೊಳ್ಳುವ ನೀಲಿ ಪರದೆ ಅದು. ಅಲ್ಲೇ ಕಂಪ್ಯೂಟರ್ ಸ್ತಬ್ಧವಾಯಿತು. ಯಾವ ಕೀಲಿ ಒತ್ತಿದರೂ ಮಿಸುಕಲಿಲ್ಲ.

ರೇಶ್ಮಾ ಬೇಸರಿಸಲಿಲ್ಲ. ಕೀಲಿಮಣೆ ಬದಲಿಸಿ ನೋಡಿದಳು. ಕಂಪ್ಯೂಟರಿನ ಮೆಮೊರಿ ಕಾರ್ಡ್ ಕಿತ್ತು ಒರೆಸಿ ಮತ್ತೆ ಕೂರಿಸಿದಳು. ಬಿಲ್ಲೆಯಂಥ ಬ್ಯಾಟರಿ ಹೊಸದು ಹಾಕಿದಳು. ಪ್ರತಿಸಲವೂ ಒಂದನ್ನೇ ಬದಲಿಸಿ, ಫಲ ನೋಡಿ, ಮುಂದಿನದಕ್ಕೆ ಕೈಹಾಕುತ್ತಿದ್ದಳು. ಜೋಳ ಹಸನು ಮಾಡುವವರಿಗೂ ಇಷ್ಟು ಸಮಾಧಾನವಿಲ್ಲವಲ್ಲ ಎನಿಸಿತು ಮಹಾನಂದಾಳಿಗೆ.

ಕೊನೆಗೆ ರೇಶ್ಮಾ ಪಟ್ಟಿಯನ್ನು ಮತ್ತೆ ತನ್ನ ಕೊರಳಿಗೇ ಕಟ್ಟಿಕೊಂಡಳು. ಪರದೆ ಸರಾಗವಾಗಿ ಸರಿಯಿತು. ಮಹಾನಂದಾಳಿಗೆ ಕಟ್ಟಿದಾಗಲೂ ಸರಿಯಿತು. ಸಿದರಾಯನ ಕೊರಳಿಗೆ ಬಂದದ್ದೇ ತಡ, ನಿಂತಿತು.

"ತಪ್ಪು ಯಂತ್ರದ್ದಲ್ಲ!" ರೇಶ್ಮಾಳ ಕಣ್ಣುಗಳು ಅರಳಿದವು. "ಗಂಟಲು ಸುಮ್ಮನಿದ್ದಾಗ ಹ್ಯಾಂಗಿರ್ತದ ಅಂತ ಇದು ಮೊದಲು ಅಳೀಬೇಕು. ಇವರು ಬಾಯಿ ಮುಚ್ಚಿದ್ರೂ ಒಳಗ ಮಾತಾಡ್ತಾನ ಇದ್ದಾರ. ಆ ಮಾತೆಲ್ಲ ಬಾಗಲದಾಗ ಮಂದಿಹಂಗ ನುಗ್ಗಿದ್ರ ನಾ ಒತ್ತಿದ ಕೀಲಿ ಒಳಗ ಹೋಗೋದ ಹ್ಯಾಂಗ?"

"ನಿದ್ದ್ಯಾಗೂ ಸವಾಲ ಕೂಗಾವ್ರಿ ಇವ್ರು. ಸುಮ್ಮನಿರಸೋದ ಹ್ಯಾಂಗ್ರಿ ಬಾಯಾರ?" ಎಂದು ಮಹಾನಂದಾ ಡಾಕ್ಟರನ್ನು ಕೇಳಿದಳು.

"ಮನಸಿಟ್ಟು ಕೇಳೂಮುಂದ ಒಳಮಾತು ನಿಲ್ತದ. ನೀವ ಏನರ ಹೇಳ್ರಿ."

"ನನ್ನ ಮಾತು ಇವ್ರು ಎಂದರ ಕೇಳ್ಯಾರೇನ್ರಿ?" ಎಂದು ಮಹಾನಂದಾ ನಕ್ಕಳು. ಆಡು ಈದ ಸುದ್ದಿ ಹೇಳಿದಳು, ಸೋರುವ ಮಾಳಿಗೆಯ ಸುದ್ದಿ ಹೇಳಿದಳು. ಪರದೆ ಜಗ್ಗಲಿಲ್ಲ. ಆಮೇಲೆ ಯಾರಿಗೂ ಹೇಳಿರದ ಮಾತೊಂದನ್ನು ತೆಗೆದಳು.

"ನಿಮ್ಮ ಆಪರೇಶನ್ ದಿನ ಚಹಾ ತರ್ತೀನಂತ ಹೋಗಿದ್ನೆಲ್ರಿ... ಎದಿ ಒಡದಂಗಾಗಿ ಯಾವ್ದೋ ಬಸ್ಸ ಹತ್ತಿಬಿಟ್ಟಿದ್ದೆ. ಇಳೀರಿ ಅಂದಾಗ ನೋಡಿದ್ರ ಸೊಲ್ಲಾಪುರ! ಅಲ್ಲೇ ಕುಂತು ಅತ್ತೆ. ಹೂ ಮಾರಾಕಿ ಒಬ್ಬಾಕಿ ಮರಾಠ್ಯಾಗ ಏನೇನೋ ಅಂದು ಜ್ವಾಳದ ಭಕ್ಕರಿ ಕೊಟ್ಳು. ಕೈಯಾಗ ರೊಕ್ಕಿಲ್ಲ, ಮಾತು ಬರೂದಿಲ್ಲ..."

ಸಿದರಾಯ ಹೆಂಡತಿಯತ್ತ ಪೂರ್ತಿ ತಿರುಗಿ ಕುಳಿತಿದ್ದ. ಅವನ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. ನೀಲಿ ಪರದೆ ಸದ್ದಿಲ್ಲದೆ ಸರಿದುಹೋಯಿತು. ರೇಶ್ಮಾ ಕೊನೆಯ ಕೀಲಿ ಒತ್ತಿದಳು.

"ಆಮ್ಯಾಲ?" ಎಂದಿತು ಪೆಟ್ಟಿಗೆ, ಸಿದರಾಯನ ಒಡಕು ದನಿಯಲ್ಲಿ. "ವಾಪಸ್ ಹ್ಯಾಂಗ ಬಂದಿ, ಮಾನಂದಾ?"

ಮಹಾನಂದಾ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಅವನು ಮಾರುಕಟ್ಟೆಗೆ ಮರಳಿದ. ದಿನವೂ ಮುಂಜಾನೆ ಪೆಟ್ಟಿಗೆ ಚಾಲೂ ಮಾಡುವಾಗ ಅದೇ ಒಳಮೌನ ಬೇಕಾಗುತ್ತಿತ್ತು; ಅದಕ್ಕೆಂದು ಮಹಾನಂದಾ ಪಕ್ಕದಲ್ಲಿ ಕೂತು ಏನಾದರೊಂದು ಹೇಳುತ್ತಿದ್ದಳು. ಒಳಮಾತನ್ನು ಸೋಸಿ ತೆಗೆಯುವ ಹೊಸ ತಂತ್ರಾಂಶವನ್ನು ರೇಶ್ಮಾ ಹಟ ಹಿಡಿದು ಬರೆದು ಮುಗಿಸಿ, ಸಂಭ್ರಮದಿಂದ ಫೋನ್ ಮಾಡಿದಳು. "ಇನ್ನ ಸುಮ್ಮನ ಕೂಡೂದು ಬೇಕಾಗಿಲ್ಲರಿ!"

ಮಹಾನಂದಾ ಫೋನನ್ನು ಗಂಡನ ಪೆಟ್ಟಿಗೆಯ ಹತ್ತಿರ ಹಿಡಿದಳು.

"ಅದು ಬ್ಯಾಡ್ರಿ ಬಾಯಾರ," ಎಂದ ಸಿದರಾಯ. "ಈಕಿ ನಿನ್ನಿ ಹೇಳಿದ್ದು ಅರ್ಧಕ್ಕ ನಿಂತದ."