ಗುಳ್ಳೆ ಕೌದಿ

“ನಿಮ್ಮ ಕೌದಿ ನನ್ನ ಮೆಂತೆಪಲ್ಲೆ ಎಲ್ಲಾ ತಿಂದ್ ಹಾಕೇತಿ ನೋಡ್ರಿ ಬಾಯಾರ,” ಎಂದು ಫಕೀರವ್ವ ಹಳದಿಗಟ್ಟಿದ ಒಂದು ಸೊಪ್ಪಿನ ಕಟ್ಟನ್ನು ನೀಲಾಂಬಿಕಾಳ ಮೂಗಿನ ಹತ್ತಿರ ಹಿಡಿದಳು. “ಇದನ್ನ ಸಂತ್ಯಾಗ ಇಟ್ಕೊಂಡು ಕುಂತ್ರ ಮಂದಿ ಏನ್ ಕೇಳ್ತಾರ ಗೊತ್ತೇನ್ರಿ? ‘ಯಾಕವ್ವಾ, ಪಲ್ಲೇಕ್ಕ ಕಾಮಾಲಿ ಆಗೇತೇನು’ ಅಂತಾರ!”

ಸುತ್ತ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ನೀಲಾಂಬಿಕಾಳಿಗೆ ನಗು ಬರಲಿಲ್ಲ. ಕೆಳಗಿನ ಎಲೆ ಹಳದಿಯಾಗಿ, ತುದಿಯ ಎಳೆ ಎಲೆ ಮಾತ್ರ ಹಸಿರಾಗಿ ಉಳಿದಿದ್ದರೆ ಗಿಡ ಸಾರಜನಕಕ್ಕೆ ಹಸಿದಿದೆ ಎಂದೇ ಲೆಕ್ಕ. ಮುದಿ ಎಲೆಯ ಬಾಯಿಂದ ಕಿತ್ತು ಎಳೆಯದಕ್ಕೆ ಉಣಿಸುತ್ತಿದೆ. ಆ ಹಸಿವಿಗೆ ಕಾರಣವಾದ ವಸ್ತು ಅವಳ ಬೆನ್ನ ಹಿಂದೆಯೇ, ಕರಿಹಳ್ಳಕ್ಕೆ ಅಡ್ಡಲಾಗಿ ತೂಗುತ್ತ, ಏನೂ ಅರಿಯದವರ ಹಾಗೆ ಬುಳುಬುಳು ಎನ್ನುತ್ತಿತ್ತು.

ಬೆಳ್ಳಿಗೇರಿ ಪಟ್ಟಣದ ಲಕ್ಷಾಂತರ ಜನ ಉಂಡು ಹೊರಹಾಕಿದ್ದೆಲ್ಲ ಕರಿಹಳ್ಳಕ್ಕೇ ಬರುತ್ತಿತ್ತು. ಆ ನೀರನ್ನೇ ಈ ಹೆಂಗಸರು ದಡದ ಸೊಪ್ಪಿನ ಮಡಿಗಳಿಗೆ ಬಿಡುತ್ತಿದ್ದರು. ರೋಗಾಣುಗಳನ್ನು ಮೇಲಿನ ತೊಟ್ಟಿಗಳಲ್ಲಿ ಕೊಲ್ಲುತ್ತಿದ್ದರು. ಆದರೆ ನೀರಿನಲ್ಲಿ ಕರಗಿದ ಸಾರಜನಕವನ್ನು ಯಾರೂ ಮುಟ್ಟಿರಲಿಲ್ಲ. ಅದು ಕೆಳಗಿನ ದೊಡ್ಡಕೆರೆಗೆ ಇಳಿದು ಪಾಚಿಯನ್ನು ಕೊಬ್ಬಿಸುತ್ತಿತ್ತು. ಕೊಬ್ಬಿದ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತಿತ್ತು, ಮೀನು ಉಸಿರುಗಟ್ಟಿ ತೇಲುತ್ತಿತ್ತು. ಇದಕ್ಕೆಂದೇ ನೀಲಾಂಬಿಕಾ ಯಲಿಗಾರ ಹನ್ನೆರಡು ವರ್ಷ ಪ್ರಯೋಗಾಲಯದಲ್ಲಿ ಕೂತು, ೨೦೫೮ರಲ್ಲಿ ಈ ಹಾಸನ್ನು ಹೊರತಂದಳು. ನಾರಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದದ್ದು. ಪ್ರತಿ ತುಂಡಿನಲ್ಲೂ ಬೇರೆ ಬೇರೆ ಜಾತಿಯ ಸೂಕ್ಷ್ಮಜೀವಿ. ಹೊರಗಿನವು ಗಾಳಿ ಕುಡಿದು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ, ಗಾಳಿ ತಾಗದ ಒಳಗಿನವು ನೈಟ್ರೇಟನ್ನು ಒಡೆದು ಬರೀ ಸಾರಜನಕದ ಅನಿಲವಾಗಿ ಮೇಲಕ್ಕೆ ಬಿಡುತ್ತವೆ. ಮಣ್ಣಿನೊಳಗೆ ನಿಧಾನವಾಗಿ ನಡೆಯುವ ಕೆಲಸವೇ. ಇಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಹಳೆ ಸೀರೆಯ ತುಂಡು ಹೊಲಿದು ಹೊದೆಯುವ ಕೌದಿಯ ಹಾಗೆಯೇ ಕಂಡದ್ದಕ್ಕೆ ಹಳ್ಳಿಯವರು ನೋಡಿದ ಕೂಡಲೇ ಹೆಸರಿಟ್ಟರು: ಗುಳ್ಳೆ ಕೌದಿ.

“ನಿಮಗ ಹೋದ ತಿಂಗಳ ಯೂರಿಯಾ ಹಾಕ್ರಿ ಅಂತ ಹೇಳಿದ್ದೆ ಅಲ್ಲಾ?” ಎಂದಳು ನೀಲಾಂಬಿಕಾ.

“ಹಾಕೀವಲ್ರಿ! ನೀವು ಹೇಳಿದ ಮರುದಿನಾನ ಹಾಕೀವಿ.”

“ಎಷ್ಟು ಹಾಕಿದ್ರಿ?”

“ಎಷ್ಟಂದ್ರ? ಉಡ್ಯಾಗ ತುಂಬ್ಕೊಂಡು ಸುರುವಿದ್ವಿ. ಆಮ್ಯಾಲ ಮಡಿ ತುಂಬ ನೀರ್ ಬಿಟ್ವಿ, ದಿನಾ ಬಿಟ್ಟಂಗ.”

ನೀಲಾಂಬಿಕಾ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಈ ಹೆಂಗಸರ ಅವ್ವಂದಿರು, ಅವರ ಅವ್ವಂದಿರು ಎಲ್ಲರೂ ಹಳ್ಳದ ನೀರನ್ನೇ ಗೊಬ್ಬರವೆಂದು ನಂಬಿ ಬೆಳೆದವರು. ಹೆಚ್ಚು ನೀರು ಬಿಟ್ಟರೆ ಹೆಚ್ಚು ಹಸಿರು. ಈಗಲೂ ಹಾಗೆಯೇ ಬಿಟ್ಟಿದ್ದರು. ಸುರಿದ ಯೂರಿಯಾ ಬೇರಿಗೆ ಸಿಗುವ ಮೊದಲೇ ನೀರಿನ ಜೊತೆ ಮಡಿ ದಾಟಿ ಮತ್ತೆ ಹಳ್ಳ ಸೇರಿತ್ತು. ಸೇರಿದ್ದು ಎಲ್ಲಿ? ಕೌದಿಗಿಂತ ಕೆಳಗೆ, ಕೆರೆಯ ಕಡೆಗೆ. ಅಲ್ಲಿಂದ ಕೆರೆಯವರೆಗೆ ಅದನ್ನು ತಡೆಯುವವರು ಯಾರೂ ಇಲ್ಲ.

ಇದನ್ನು ಅವಳು ಬಾಯಿಬಿಟ್ಟು ಹೇಳುವ ಮೊದಲೇ ಕೆರೆಯ ಕಡೆಯಿಂದ ದಾವಲಸಾಬ ಬುಟ್ಟಿ ಹೊತ್ತು ಬಂದು ಅವಳ ಕಾಲ ಹತ್ತಿರ ಕುಕ್ಕಿದ. ಕೆರೆಯ ಮೀನಿನ ಗುತ್ತಿಗೆ ಅವನದು. ಬುಟ್ಟಿಯಲ್ಲಿ ಬಾಯಿ ತೆರೆದುಕೊಂಡು ಸತ್ತ ಕಟ್ಲಾ ಮೀನುಗಳು.

“ಕೌದಿ ಹಾಕಿದ ಮ್ಯಾಲ ವರ್ಷಾತು, ಒಂದು ಮೀನು ಸತ್ತಿದ್ದಿಲ್ರಿ. ಇವತ್ತ ನಸುಕಿನ್ಯಾಗ ನೋಡ್ರಿ, ಎಲ್ಲಾ ಮ್ಯಾಲ ಬಂದು ಬಾಯಿ ಬಾಯಿ ಬಿಡಾಕತ್ತಿದ್ವು. ಯಾರ್ ಏನ್ ಮಾಡೀರಿ, ಖರೇ ಹೇಳ್ರಿ.”

“ನಿನ್ನ ಮೀನಿನ ಸಲುವಾಗಿ ನನ್ನ ಪಲ್ಲೆ ಸಾಯಬೇಕನೋ ದಾವಲ್?” ಎಂದು ಫಕೀರವ್ವ ತಿರುಗಿಬಿದ್ದಳು.

“ನಿನ್ನ ಪಲ್ಲೇದ ಸಲುವಾಗಿ ನನ್ನ ಮೀನ ಸಾಯಬೇಕೇನ ಅಕ್ಕಾ?”

“ಬಾಯಾರ, ನೀವ ಹೇಳ್ರಿ. ಆ ಗುಳ್ಳ್ಯಾಗ ಹೋಗೂದು ನಮ್ಮ ಗೊಬ್ಬರ ಹೌದಿಲ್ಲೋ? ಅದನ್ನ ತಿರುಗಿ ಹಿಡದ್ ಕೊಡ್ರಿ ಮತ್ತ.”

“ಹಿಡಿಯಾಕ ಬರ್ತೈತಿ ಫಕೀರವ್ವಾ. ಅದನ್ನ ಹಿಡದು ಚೀಲದಾಗ ತುಂಬಿದ್ದಕ್ಕನ ಯೂರಿಯಾ ಅನ್ನೋದು.”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಗಾಳಿಯಲ್ಲಿರುವ ಸಾರಜನಕದ ಪರಮಾಣುಗಳು ಎರಡೆರಡಾಗಿ ಮೂರು ಗಂಟು ಹಾಕಿಕೊಂಡು ಕೂತಿರುತ್ತವೆ. ಗಿಡ ಆ ಗಂಟನ್ನು ಬಿಚ್ಚಲಾರದು. ಕಾರ್ಖಾನೆ ಬಿಚ್ಚುತ್ತದೆ, ಆದರೆ ಭಾರಿ ಒತ್ತಡ, ಉರಿಯುವ ಕುಲುಮೆ, ನೆಲದಡಿಯ ಅನಿಲ ಎಲ್ಲವೂ ಬೇಕು, ಹೊಗೆ ಬೇರೆ. ಅಂದರೆ ಊರಿನವರು ಉಂಡ ಅನ್ನದ ಸಾರಜನಕ ಹಳ್ಳಕ್ಕೆ ಬಂತು. ತಾನು ಕಷ್ಟಪಟ್ಟು ಗಂಟು ಹಾಕಿ ಗಾಳಿಗೆ ಬಿಟ್ಟಿದ್ದಾಯಿತು. ಯಾರೋ ಇನ್ನೂ ಕಷ್ಟಪಟ್ಟು ಅದನ್ನು ಬಿಚ್ಚಿ ಚೀಲಕ್ಕೆ ತುಂಬಿದರು. ಅದು ಹೊಲಕ್ಕೆ ಬಂದು, ಜಾರಿ, ಕೊನೆಗೆ ಅದೇ ಕೆರೆಗೇ ಬಿತ್ತು. ಊರೆಲ್ಲ ಸುತ್ತಿಕೊಂಡು ಬಂದು ಬಾಗಿಲಲ್ಲೇ ಕೂತ ನೆಂಟನ ಹಾಗೆ.

ಅವಳ ಅಜ್ಜಿಯ ಕಾಲದಲ್ಲಿ, ಈ ಶತಮಾನದ ಮೊದಲ ದಶಕಗಳಲ್ಲಿ, ಕೌದಿ ಇರಲಿಲ್ಲ. ಆಗಲೂ ಊರು ಹೊರಹಾಕಿದ್ದು ಒಂದು ದಾರಿಯಲ್ಲಿ ಹೋಗುತ್ತಿತ್ತು, ಹೊಲಕ್ಕೆ ಬೇಕಾದದ್ದು ಇನ್ನೊಂದು ದಾರಿಯಲ್ಲಿ ಚೀಲದಲ್ಲಿ ಬರುತ್ತಿತ್ತು. ಎರಡೂ ಒಂದೇ ಪದಾರ್ಥ ಎಂದು ಶಾಲೆಯ ಪುಸ್ತಕದಲ್ಲಿ ಬಾಣ ಹಾಕಿ ವೃತ್ತ ಬರೆದಿದ್ದರು. ಮಕ್ಕಳು ಆ ವೃತ್ತವನ್ನು ಚೆಂದವಾಗಿ ಬಿಡಿಸಿ ಅಂಕ ತೆಗೆದುಕೊಂಡರು, ದೊಡ್ಡವರಾಗಿ ಚರಂಡಿ ಕಟ್ಟಿಸಿದರು, ಗೊಬ್ಬರದ ಅಂಗಡಿ ಇಟ್ಟರು. ನೀಲಾಂಬಿಕಾಳೂ ಬಿಡಿಸಿದ್ದಳು, ಹಸಿರು ಬಣ್ಣದ ಪೆನ್ಸಿಲ್ಲಿನಲ್ಲಿ.

ದಾರಿ ಇಲ್ಲದೆ ಇರಲಿಲ್ಲ. ಕೌದಿಯ ಕೆಲವು ತುಂಡುಗಳ ಹೊಲಿಗೆ ಬಿಚ್ಚಿಬಿಟ್ಟರೆ, ಸೊಪ್ಪಿಗೆ ಬೇಕಾದಷ್ಟು ಸಾರಜನಕ ನೀರಿನಲ್ಲೇ ಉಳಿದು ಮಡಿಗೆ ಹೋಗುತ್ತದೆ, ಹೆಚ್ಚಾದದ್ದು ಮಾತ್ರ ಗುಳ್ಳೆಯಾಗುತ್ತದೆ. ಚೀಲ ಬೇಡ, ಮೀನೂ ಸಾಯುವುದಿಲ್ಲ. ಅವಳು ಅಲ್ಲಿಯೇ ನಿಂತು ನಗರಸಭೆಯ ಎಂಜಿನಿಯರ್ ಪಟ್ಟಣಶೆಟ್ಟಿಗೆ ಫೋನು ಹಚ್ಚಿದಳು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

“ಹೊಲಿಗಿ ಬಿಚ್ಚೂದಾ? ಮೇಡಂ, ‘ಶೂನ್ಯ ಸಾರಜನಕ’ ಅಂತ ಊರ ಬಾಯಿಗೆ ಬೋರ್ಡ್ ಹಾಕೇವಿ. ಶೂನ್ಯಕ್ಕ ನಮಗ ಬಹುಮಾನ ಬಂದೈತಿ. ಮುಕ್ಕಾಲು ಶೂನ್ಯ ಅಂದ್ರ ಯಾರ್ ಹಾರ ಹಾಕ್ತಾರ ಹೇಳ್ರಿ?”

“ಶೂನ್ಯ ಬೇಕಂತ ಗಿಡ ಹೇಳಿಲ್ರೀ ಸರ್. ಸೊಪ್ಪು ಸಾಯಾಕತ್ತೈತಿ.”

“ಅದಕ್ಕ ಅರ್ಧ ರೇಟಿನ್ಯಾಗ ಯೂರಿಯಾ ಕಳಿಸೇವಿ.”

“ಅದರಿಂದ ಮೀನು ಸತ್ತಾವ!”

“ಅದಕ್ಕೂ ಯೂರಿಯಾ ಕೂಡನ ವ್ಯವಸ್ಥಾ ಆಗೇತಿ. ಕೆರೀ ಬಾಯಿಗೆ ಇನ್ನೊಂದು ಕೌದಿ. ನಿಮ್ಮದ ಕೌದಿ ಮೇಡಂ, ಖುಷಿ ಪಡ್ರಿ! ಒಂದು ಮಾತು. ಒಂದು ಎಳಿ ಬಿಚ್ಚಿದ್ರೂ ಹಳ್ಳದಾನ ಕೌದಿ ಪೂರ್ತಿ ಕಿತ್ತಸ್ತೀವಿ, ಕೆರೀದೂ ಹಾಕೂದಿಲ್ಲ. ನೋಡ್ಕೊಂಡು ಮಾಡ್ರಿ.”

ಫೋನು ಕಟ್ಟಾಯಿತು. ಪೂರ್ತಿ ಕಿತ್ತರೆ ವರ್ಷದೊಳಗೆ ಕೆರೆ ಮತ್ತೆ ಹಸಿರು ಗಂಜಿಯಾಗುತ್ತದೆ, ದಾವಲಸಾಬನ ಬಲೆ ಒಣಗುತ್ತದೆ. ಬಿಚ್ಚದಿದ್ದರೆ ಫಕೀರವ್ವ ಸಾಯುವತನಕ ಚೀಲ ಕೊಳ್ಳಬೇಕು. ಹನ್ನೆರಡು ವರ್ಷ ಕೂತು ಕಂಡುಹಿಡಿದ ವಸ್ತುವಿನ ಒಂದು ಹೊಲಿಗೆಯ ಮೇಲೂ ನೀಲಾಂಬಿಕಾಳಿಗೆ ಹಕ್ಕಿರಲಿಲ್ಲ.

“ಏನಂದ್ರಿ ಅವರು? ಅರ್ಧ ರೇಟೇನ್ರಿ?” ಎಂದಳು ಫಕೀರವ್ವ. ದನಿಯಲ್ಲಿ ಸಿಟ್ಟು ಆಗಲೇ ಇಳಿದಿತ್ತು.

“ಇನ್ನೊಂದು ಕೌದಿ ಬರ್ತೈತೇನ್ರಿ?” ಎಂದ ದಾವಲಸಾಬ.

“ಎರಡೂ ಬರ್ತಾವ,” ಎಂದಳು ನೀಲಾಂಬಿಕಾ. “ಜಗಳಾ ಬಿಡ್ರಿ ಇನ್ನ. ನಿಮ್ಮಿಬ್ಬರನ್ನೂ ಗೆಲ್ಲಿಸ್ಯಾರ.”

ಮಧ್ಯಾಹ್ನ ಮಣ್ಣು ರಸ್ತೆಯಲ್ಲಿ ಲಾರಿಯೊಂದು ಓಲಾಡುತ್ತ ಬಂದು ಹಳ್ಳದ ದಡದಲ್ಲಿ ನಿಂತಿತು. ಹಿಂದಿನ ಅರ್ಧಕ್ಕೆ ಯೂರಿಯಾ ಚೀಲಗಳು, ಮುಂದಿನ ಅರ್ಧಕ್ಕೆ ಸುರುಳಿ ಸುತ್ತಿದ ಹೊಸ ಕೌದಿ. ಹೆಂಗಸರು ಸೆರಗು ಸಿಕ್ಕಿಸಿ ಚೀಲ ಇಳಿಸತೊಡಗಿದರು. ದಾವಲಸಾಬ ಕೌದಿಯ ಒಂದು ತುದಿಯನ್ನು ಹೆಗಲಿಗೆ ಹಾಕಿಕೊಂಡ. ಇನ್ನೊಂದು ತುದಿ ಕೆಸರಿಗೆ ಜಾರುತ್ತಿತ್ತು. ನೀಲಾಂಬಿಕಾ ಚಪ್ಪಲಿ ಬಿಟ್ಟು ಕೆಸರಿಗೆ ಇಳಿದಳು. ಆ ತುದಿಯನ್ನು ಎತ್ತಿ ಹಿಡಿದಳು.